ನಿಂತೇ ತೀರುವವರು

ಚುನಾವಣೆಗೆ ನಿಲ್ಲುವವರೆಲ್ಲ ಗೆಲ್ಲಲೆಂದೇ ನಿಲ್ಲುತ್ತಾರೆ ಅಂದುಕೊಳ್ಳಬೇಡಿ. ಉಳಿದವರು ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗಿ ಬರುವ ಹಾಗೆ, ಕೆಲವರು ನಾಮಪತ್ರ ಸಲ್ಲಿಸಿ, ಠೇವಣಿ ಅರ್ಪಿಸಿ ಬರುತ್ತಾರೆ. ನಮ್ಮ ಹೊಟ್ಟೆ ಪಕ್ಷದ ರಂಗಸ್ವಾಮಿಯವರನ್ನು ನೆನೆಯಿರಿ. 80ಕ್ಕೂ ಹೆಚ್ಚು ಸಲ ನಿಂತರು, ಸೋತರು, ಮತ್ತೆ ನಿಂತರು.

ನಾನೂ ಒಮ್ಮೆ ನಿಂತವನೇ, ಬಡಾವಣೆಯ ಸಂಘದ ಖಜಾಂಚಿ ಸ್ಥಾನಕ್ಕೆ. ಎದುರಾಳಿ ಯಾರೂ ಇರಲಿಲ್ಲ, ಆದರೂ ಸೋತೆ! ಹಿರಿಯರೊಬ್ಬರು ಎದ್ದು, "ಈ ವರ್ಷ ಆ ಸ್ಥಾನ ಖಾಲಿಯೇ ಇರಲಿ ಬಿಡಿ" ಅಂದರು. ಸಭೆ ಬೋಂಡಾ ಮೆಲ್ಲುತ್ತಲೇ ಕೈ ಎತ್ತಿತು. ಅಂದಿನಿಂದ ಸೋತವರ ಚರಿತ್ರೆ ಓದುವುದೇ ನನ್ನ ಪಾರಾಯಣ.

ಆ ಪಾರಾಯಣದಲ್ಲಿ ಸಿಕ್ಕ ಮಹಾಶಯ ಅಮೆರಿಕದ ಲಿಂಡನ್ ಲಾರೂಶ್. 1976ರಿಂದ 2004ರವರೆಗೆ ಒಂದನ್ನೂ ತಪ್ಪಿಸದೆ ಎಂಟು ಸಲ ರಾಷ್ಟ್ರಾಧ್ಯಕ್ಷ ಪದವಿಗೆ ಹೊರಟವನು. ಇಂಗ್ಲೆಂಡಿನ ರಾಣಿಗೂ ಮಾದಕ ವಸ್ತುವಿನ ದಂಧೆಗೂ ನಂಟಿದೆ ಅನ್ನುತ್ತಿದ್ದ. ದುಡ್ಡು ಕೊಟ್ಟು ಟೀವಿಯಲ್ಲಿ ಅರ್ಧರ್ಧ ಗಂಟೆ ಕೂತು, ಮಂಗಳ ಗ್ರಹದಲ್ಲಿ ವಸಾಹತು ಕಟ್ಟುವುದನ್ನು ವಿವರಿಸುತ್ತಿದ್ದ. ದೆಹಲಿಗೂ ಬಂದು 1982ರಲ್ಲಿ ಇಂದಿರಾ ಗಾಂಧಿಯವರನ್ನು ಕಂಡು ಹೋಗಿದ್ದಾನೆ. ಅವರೇನು ಮಾತಾಡಿರಬಹುದು ಎಂದು ನಾನು ಆಗಾಗ ಯೋಚಿಸುವುದುಂಟು.

ಇಂಥವನಿಗೆ ಯಾರು ಓಟು ಹಾಕುತ್ತಾರೆ ಅನ್ನುವಿರಾ? 1986ರಲ್ಲಿ ಇಲಿನಾಯ್ ರಾಜ್ಯದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಈತನ ಶಿಷ್ಯರಿಬ್ಬರು ಗೆದ್ದೇಬಿಟ್ಟರು! ಅವರ ಹೆಸರು ಫೇರ್‌ಚೈಲ್ಡ್ ಮತ್ತು ಹಾರ್ಟ್; ಪಕ್ಷ ನಿಲ್ಲಿಸಿದ್ದವರು ಸ್ಯಾಂಗ್‌ಮೈಸ್ಟರ್ ಮತ್ತು ಪುಚಿನ್ಸ್ಕಿ. ಬಾಯಿಗೆ ಸಲೀಸಾದ ಹೆಸರಿಗೆ ಜನ ಗುರುತು ಹಾಕಿದರು ಎಂದು ಆಗ ಪಂಡಿತರು ವಿವರಿಸಿದರು. ಗವರ್ನರ್ ಅಭ್ಯರ್ಥಿ ಅಡ್ಲೈ ಸ್ಟೀವನ್‌ಸನ್ ಇವರ ಜೊತೆ ಒಂದೇ ಪಟ್ಟಿಯಲ್ಲಿ ಇರಲಾರೆ ಎಂದು ಹೊಸ ಪಕ್ಷವನ್ನೇ ಕಟ್ಟಿ, ಅದರಿಂದ ನಿಂತು ಸೋತರು. ಒಂದೇ ಹೆಸರಿನ ಮೂವರನ್ನು ಹುಡುಕಿ ತಂದು ಎದುರಾಳಿಯ ಪಕ್ಕ ನಿಲ್ಲಿಸುವ ನಮ್ಮವರ ಚಾಣಾಕ್ಷತೆ ಪಾಪ ಅಲ್ಲಿ ಯಾರಿಗೂ ತಿಳಿದಂತಿಲ್ಲ.

ನಗು ನಿಲ್ಲುವ ಜಾಗವೂ ಒಂದಿದೆ. ಲಾರೂಶ್‌ನ ಕಡೆಯವರು ಬೆಂಬಲಿಗರಿಗೆ ಫೋನು ಮಾಡಿ ಮಾಡಿ ಸಾಲ ಎತ್ತುತ್ತಿದ್ದರು. ಕೊಟ್ಟವರಲ್ಲಿ ವಯಸ್ಸಾದವರು ಬಹಳ. ಹಿಂದಕ್ಕೆ ಬಾರದೆ ಉಳಿದ ಸಾಲ ಮೂರು ಕೋಟಿ ಡಾಲರಿಗೂ ಮಿಗಿಲು. ಮುಪ್ಪಿಗೆಂದು ಕೂಡಿಟ್ಟದ್ದನ್ನು ಮಂಗಳ ಗ್ರಹಕ್ಕೆ ಸುರಿದ ಆ ಮುದುಕ ಮುದುಕಿಯರನ್ನು ನೆನೆದರೆ ಹೊಟ್ಟೆ ಚುರುಕ್ಕೆನ್ನುತ್ತದೆ. ವಂಚನೆ, ತೆರಿಗೆಗಳ್ಳತನದ ಸಂಚು ಸಾಬೀತಾಗಿ 1989ರ ಜನವರಿಯಲ್ಲಿ ಲಾರೂಶ್‌ಗೆ 15 ವರ್ಷದ ಶಿಕ್ಷೆಯಾಯಿತು. ಜೈಲಿನ ಕೋಣೆಯಲ್ಲಿ ಜೊತೆಗಾರನಾಗಿ ಸಿಕ್ಕಿದವನು ಜಿಮ್ ಬೇಕರ್, ಭಕ್ತರ ದುಡ್ಡು ನುಂಗಿ ಒಳಗೆ ಬಂದಿದ್ದ ಟೀವಿ ಉಪದೇಶಕ. ಒಬ್ಬ ಸ್ವರ್ಗದ ಆಸೆ ತೋರಿಸಿದವನು, ಇನ್ನೊಬ್ಬ ಮಂಗಳದ್ದು!

1992ರ ಚುನಾವಣೆ ಬಂತು. ಲಾರೂಶ್ ಜೈಲಿನಿಂದಲೇ ನಿಂತ. ಅಲ್ಲಿಯ ಸಂವಿಧಾನ ಕೇಳುವುದು ಮೂರೇ: ಹುಟ್ಟಿನಿಂದ ಪ್ರಜೆಯಾಗಿರಬೇಕು, 35 ತುಂಬಿರಬೇಕು, ದೇಶದಲ್ಲಿ 14 ವರ್ಷ ವಾಸವಾಗಿರಬೇಕು. ಸೆರೆಮನೆಯ ಮಾತೇ ಇಲ್ಲ. ಆದರೆ ಈತನ ಮನೆಯಿದ್ದ ವರ್ಜೀನಿಯಾದಲ್ಲಿ ಇಂಥ ಅಪರಾಧಿಗೆ ಮತದಾನದ ಹಕ್ಕು ಹೋಗುತ್ತದೆ. ಅಂದರೆ ದೇಶ ಆಳಬಹುದು, ತನಗೆ ತಾನು ಓಟು ಹಾಕಿಕೊಳ್ಳುವಂತಿಲ್ಲ! ನಮ್ಮಲ್ಲಿ 2 ವರ್ಷ ಶಿಕ್ಷೆಯಾದರೂ ಸಾಕು, ಬಿಡುಗಡೆಯಾದ ಮೇಲೆ 6 ವರ್ಷ ಕಳೆಯುವ ತನಕ ನಿಲ್ಲುವಂತಿಲ್ಲ. ಮೊಕದ್ದಮೆ ಬಾಕಿಯಿದ್ದರೆ ಮಾತ್ರ ಅಡ್ಡಿಯಿಲ್ಲ. ಮೊಕದ್ದಮೆಗಳು ಇಲ್ಲಿ ಮುಗಿಯದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

1994ರಲ್ಲಿ ಹೊರಬಂದವನು ಸುಮ್ಮನೆ ಕೂತನೇ? 2000ದಲ್ಲಿ ಆರ್ಕನ್ಸಾದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಅಲ್ ಗೋರ್ ಎದುರು ನಿಂತು ನೂರಕ್ಕೆ 22ರಷ್ಟು ಓಟು ಗಿಟ್ಟಿಸಿದ. ಹಾಕಿದವರಲ್ಲಿ ಎಷ್ಟು ಮಂದಿಗೆ ಮಂಗಳ ಗ್ರಹದ ಆಸೆಯಿತ್ತೋ, ಎಷ್ಟು ಮಂದಿಗೆ ಬರೀ ಗೋರ್ ಮೇಲಿನ ಸಿಟ್ಟಿತ್ತೋ!