ಪ್ರಿಂಟರಿಗೆ ಮೂಲಗೇಣಿ

ಬಿಜೈಯ ನಮ್ಮ ಅಡ್ಡರಸ್ತೆಯಲ್ಲಿ ಗುಡುಗು ಕೇಳಿತೆಂದರೆ ಎಲ್ಲ ಮನೆಗಳಿಂದಲೂ ಒಂದೇ ಕೂಗು: "ವೈಫೈ ವಯರ್ ತೆಗಿ ಮಾರಾಯ!" ಮೇ ತಿಂಗಳ ಸಂಜೆಯ ಸಿಡಿಲಿಗೋ ತುಲಾ ಸಂಕ್ರಮಣದ ಆಚೀಚಿನ ಸಿಡಿಲಿಗೋ ಒಂದು ಮೋಡೆಮನ್ನಾದರೂ ಬಲಿ ಕೊಡದ ಮನೆ ಮಂಗಳೂರಿನಲ್ಲಿ ಕಡಿಮೆ. ಮಳೆ ಬಿಟ್ಟ ಮೇಲೆ ವಯರ್ ಮತ್ತೆ ಸಿಕ್ಕಿಸುತ್ತೇವೆ. ಫೋನಿಗೆ ಜೀವ ಬರುತ್ತದೆ, ಟೀವಿಗೆ ಬರುತ್ತದೆ. ಪ್ರಿಂಟರ್ ಮಾತ್ರ ಹಸಿರು ದೀಪ ಹೊತ್ತಿಸಿಕೊಂಡು ಸುಮ್ಮನೆ ಕೂತಿರುತ್ತದೆ. ಕಂಪ್ಯೂಟರ್ ಅದನ್ನು 'ಆಫ್‌ಲೈನ್' ಎನ್ನುತ್ತದೆ. ಆಗ ಮ್ಯಾನೇಜರ್ರಿಗೆ ಫೋನು ಹೋಗುತ್ತದೆ.

1906ರಿಂದ 1931ರೊಳಗೆ ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತ ಸೀಮೆ ಇದು. ಹಾಗಾಗಿ ಯಾವ ಅಡ್ಡರಸ್ತೆಗೆ ಹೋದರೂ ಒಬ್ಬ ನಿವೃತ್ತ ಮ್ಯಾನೇಜರ್ರು ಸಿಕ್ಕೇ ಸಿಗುತ್ತಾರೆ. ನಮ್ಮವರು ರಿಟೈರಾಗಿ ಹನ್ನೊಂದು ವರ್ಷವಾಯಿತು. ಹೆಸರು ಹೇಳಿ ಕೇಳಿದರೆ ಅಂಗಡಿಯವನಿಗೂ ಗೊತ್ತಾಗುವುದಿಲ್ಲ, "ಮ್ಯಾನೇಜರ್ರ ಮನೆ" ಎನ್ನಬೇಕು. ಆ ಐದರಲ್ಲಿ ಮೂರು ಬ್ಯಾಂಕುಗಳು 2019 ಮತ್ತು 2020ರ ಏಪ್ರಿಲ್ ಒಂದರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು, ಇವರದ್ದೂ ಸೇರಿ. ಬೋರ್ಡು ಬದಲಾಯಿತು, ಐಎಫ್‌ಎಸ್‌ಸಿ ಬದಲಾಯಿತು. ಬೋರ್ಡು ಹೋದದ್ದನ್ನು ಮ್ಯಾನೇಜರ್ರು ಹೇಗೋ ನುಂಗಿಕೊಂಡರು. ನಂಬರು ಹೋದದ್ದನ್ನು ಮಾತ್ರ ಇನ್ನೂ ನುಂಗಿಲ್ಲ.

ಆ ಸಂಕಟವೇ ಇರಬೇಕು, ಅವರು ಮನೆಯ ವೈಫೈಯಲ್ಲಿರುವ ಒಂದೊಂದು ಸಾಧನದ ನಂಬರನ್ನು, ಅಂದರೆ ಐಪಿ ವಿಳಾಸವನ್ನು, ಹಿಡಿದು ಕೂತರು. ಕೆಂಪು ಬಟ್ಟೆಯ ಬೈಂಡು ಹಾಕಿಸಿದ ಉದ್ದ ಲೆಡ್ಜರು. ಮೊದಲ ಪುಟದ ತಲೆಗೆ 'ಶ್ರೀ ಗಣೇಶಾಯ ನಮಃ', ಅದರ ಕೆಳಗೆ 192.168.1.1. ಅದು ರೌಟರು, ಮೊದಲ ಪೂಜೆ ಅದಕ್ಕೆ. ಆಮೇಲೆ ಕೊನೆಯ ಅಂಕಿ ಮಾತ್ರ: ಹತ್ತು ಅವರ ಫೋನು, ಹನ್ನೊಂದು ಹೆಂಡತಿಯದ್ದು, ಇಪ್ಪತ್ತು ಪ್ರಿಂಟರು, ಮೂವತ್ತು ಟೀವಿ. ಇನ್ನೂರರಿಂದ ಮೇಲೆ ಅತಿಥಿಗಳು. ಕೊನೆಯಲ್ಲಿ 'ಷರಾ' ಎಂಬ ಅಂಕಣ. ಟೀವಿಯ ಎದುರು ಅಲ್ಲಿ 'ಸತಾಯಿಸುತ್ತದೆ' ಎಂದು ಬರೆದಿತ್ತು.

ದುಬೈಯಿಂದ ರಜೆಗೆ ಬಂದ ಮಗನಿಗೆ 201 ಸಿಕ್ಕಿದ ದಿನ ಮನೆಯಲ್ಲಿ ಮಾತಾಯಿತು. "ಹೆತ್ತ ಮಗನಿಗೆ ಗೆಸ್ಟ್ ನಂಬರಾ?" ಎಂದು ಮ್ಯಾನೇಜರ್ರ ಹೆಂಡತಿ ಕೇಳಿದರು. "ಒಂದು ತಿಂಗಳಿಗೆ ಬಂದವನಿಗೆ ಪರ್ಮನೆಂಟ್ ನಂಬರ್ ಎಂತಕ್ಕೆ?" ಎಂದರು ಇವರು. ಎರಡು ದಿನ ಇವರ ಚಹಾ ಫ್ಲಾಸ್ಕಿನಿಂದ ಬಂತು.

ಮೊನ್ನೆ ನಮ್ಮ ಸರದಿ. ತಂಗಿಯ ಮಗಳ ಹಾಲ್ ಟಿಕೆಟು ಪ್ರಿಂಟಾಗಬೇಕು, ಹಿಂದಿನ ರಾತ್ರಿ ಗುಡುಗು. ಮ್ಯಾನೇಜರ್ರು ಲೆಡ್ಜರು ಕಂಕುಳಲ್ಲಿಟ್ಟುಕೊಂಡು ಬಂದರು.

"ಪ್ರಿಂಟರಿಗೆ ಏನೂ ಆಗ್ಲಿಲ್ಲ ಮಾರಾಯ್ರೆ. ನೀವು ಅದನ್ನು ಚಾಲಗೇಣಿಯಲ್ಲಿ ಇಟ್ಟಿದ್ದೀರಿ."

ನಾನು ಕಣ್ಣು ಬಿಟ್ಟೆ. ಅವರು ಕುರ್ಚಿ ಎಳೆದುಕೊಂಡರು.

"ರೌಟರು ಧಣಿ. ಕೇಳಿ ಬಂದವರಿಗೆಲ್ಲ ಒಂದೊಂದು ನಂಬರು ಗೇಣಿಗೆ ಕೊಡ್ತದೆ, ಹೆಚ್ಚಾಗಿ ಒಂದು ದಿನಕ್ಕೆ, ಅದೇ ಚಾಲಗೇಣಿ. 1993ರಿಂದ ಇದೇ ಪದ್ಧತಿ, ಡಿಎಚ್‌ಸಿಪಿ ಅಂತ ಹೆಸರು. ನಿನ್ನೆ ನಿಮ್ಮ ಪ್ರಿಂಟರ್ ಐದರಲ್ಲಿತ್ತು. ವಯರ್ ತೆಗೆದಿರಿ, ಧಣಿಗೆ ಹಳೆಯ ಲೆಕ್ಕ ಮರೆತುಹೋಯಿತು. ಮತ್ತೆ ಹಾಕಿದಾಗ ಟೀವಿ ಮೊದಲು ಎದ್ದು ಐದನ್ನು ಹಿಡಿಯಿತು, ಪ್ರಿಂಟರಿಗೆ ಎಂಟು ಸಿಕ್ಕಿತು. ನಿಮ್ಮ ಕಂಪ್ಯೂಟರು ಇನ್ನೂ ಐದರ ಬಾಗಿಲು ಬಡಿತಾ ಉಂಟು. ಒಳಗೆ ಟೀವಿ. ಟೀವಿಗೆ ಹಾಲ್ ಟಿಕೆಟ್ ಪ್ರಿಂಟ್ ಮಾಡ್ಲಿಕ್ಕೆ ಬರ್ತದಾ?"

ಬರುವುದಿಲ್ಲ ಎಂದು ಒಪ್ಪಿಕೊಂಡೆ. ಪ್ರಿಂಟರಿನ ಪರದೆಯಲ್ಲೇ ಐದು ಎಂದು ಒತ್ತಿಬಿಟ್ಟರೆ ಆಯಿತಲ್ಲ ಎಂದೆ.

"ಧಣಿಗೆ ಹೇಳದೆ ಗದ್ದೆಗೆ ಇಳಿದ ಹಾಗೆ! ಅದಕ್ಕೆ ಗೊತ್ತಿಲ್ಲದೆ ಅದೇ ಗದ್ದೆಯನ್ನು ಇನ್ನೊಬ್ಬನಿಗೂ ಕೊಡ್ತದೆ. ಒಂದು ಗದ್ದೆಗೆ ಇಬ್ಬರು ಒಕ್ಕಲು, ಇಬ್ಬರಿಗೂ ಬೆಳೆ ಇಲ್ಲ. ಧಣಿಯ ಪುಸ್ತಕದಲ್ಲೇ ಬರೆಸಬೇಕು. ಅದು ಮೂಲಗೇಣಿ, ಕಾಯಂ ಗೇಣಿ."

ಗೇಣಿಯ ಮಾತು ಅವರ ಬಾಯಲ್ಲಿ ಸುಮ್ಮನೆ ಬರುವುದಲ್ಲ. ಕುಟುಂಬದ ಗದ್ದೆಗಳು 1974ರ ಭೂಸುಧಾರಣೆಯಲ್ಲಿ ಒಕ್ಕಲುಗಳಿಗೆ ಹೋದವು. ಸರಿಯಾಗಿಯೇ ಹೋದವು ಎಂದು ಅವರೇ ಹೇಳುತ್ತಾರೆ. ಆದರೆ ಈಗ ಗೇಣಿಗೆ ಕೊಡಲು ಅವರ ಕೈಯಲ್ಲಿ ಉಳಿದಿರುವ ಆಸ್ತಿ, ರೌಟರಿನದ್ದೊಂದು ಕಳೆದರೆ, ಈ 253 ನಂಬರುಗಳು.

"ನಿಮ್ಮ ರೌಟರಿಗೂ ನಮ್ಮದಕ್ಕೂ ಒಂದೇ ನಂಬರಲ್ಲ, ಅದು ಹೇಗೆ?" ಎಂದು ಕೇಳಿದೆ. ಕೇಳಬಾರದಿತ್ತು, ಚಹಾ ಆರಿತು. ಇಡೀ ಪ್ರಪಂಚಕ್ಕೆ ಇದ್ದದ್ದು ಸುಮಾರು 429 ಕೋಟಿ ನಂಬರು, ಅದು ಸಾಲುವುದಿಲ್ಲವೆಂದು ಕಂಡಿತು. ಬರೇ ಮನೆಯೊಳಗೆ, ಆಫೀಸಿನೊಳಗೆ ಬಳಸಲಿಕ್ಕೆಂದು ಬೇರೆ ತೆಗೆದಿಟ್ಟ ಸಾಲುಗಳು 1996ರಲ್ಲಿ ಈಗಿನ ರೂಪಕ್ಕೆ ಬಂದವು. "ಮನೆಯಲ್ಲಿ ಕರೆಯುವ ಹೆಸರಿನ ಹಾಗೆ. ನಿಮ್ಮಲ್ಲೂ ಒಬ್ಬ ಪುಟ್ಟ, ನಮ್ಮಲ್ಲೂ ಒಬ್ಬ ಪುಟ್ಟ. ಹೊರಗೆ ಶಾಲೆಯ ಹೆಸರು ಬೇರೆ."

ಮೂಲಗೇಣಿಗೆ ಪ್ರಿಂಟರಿನ ಗುರುತು ಬೇಕು. ಹಿಂಬದಿಯ ಚೀಟಿಯಲ್ಲಿ ಹನ್ನೆರಡು ಅಕ್ಷರಗಳ ಮ್ಯಾಕ್ ವಿಳಾಸ ಇರುತ್ತದೆ. ಇವರ ಭಾಷೆಯಲ್ಲಿ ಕೆವೈಸಿ. ಹಾಗೆ ನೋಡಿದರೆ ಈಗಿನ ಫೋನುಗಳು ಗುಟ್ಟಿಗೆಂದು ಸುಳ್ಳು ಮ್ಯಾಕ್ ತೋರಿಸುತ್ತವೆ. ಮೊಮ್ಮಗಳ ಫೋನು ಹಾಗೆ ಮಾಡಿದ್ದಕ್ಕೆ ಷರಾದಲ್ಲಿ 'ಬೇನಾಮಿ' ಎಂದು ಬಿದ್ದಿದೆ. ಮ್ಯಾನೇಜರ್ರು ಪಂಚೆ ಎತ್ತಿ ಕಟ್ಟಿ ನೆಲಕ್ಕೆ ಮಲಗಿ, ಟಾರ್ಚು ಹಿಡಿದು, ಕನ್ನಡಕ ಹಣೆಗೇರಿಸಿ ಓದಿದರು. ನಾನು ಬರೆದುಕೊಂಡೆ. ಸಂಶಯ ಬಂತು. ಮತ್ತೆ ಮಲಗಿದರು. ಎಂಟು ಎಂದು ಓದಿದ್ದು 'ಬಿ' ಆಗಿತ್ತು. "ನಿಮ್ಮ ಕೈಬರಹ ಸರಿ ಇಲ್ಲ," ಎಂದರು.

ರೌಟರಿನ ಪುಟ ತೆರೆಯಲು ಪಾಸ್‌ವರ್ಡ್ ಕೇಳಿದರು. 'ಅಡ್ಮಿನ್' ಎಂದೆ, ಬಂದಾಗಿನಿಂದ ಅದೇ. ಸ್ಟ್ರಾಂಗ್ ರೂಮು ತೆರೆದಿಟ್ಟು ಊಟಕ್ಕೆ ಹೋದ ಕ್ಯಾಷಿಯರನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಒಂದು ಮಾತೂ ಆಡದೆ ಬೇರೆ ಪಾಸ್‌ವರ್ಡ್ ಹಾಕಿದರು, ಪ್ರಿಂಟರಿಗೆ ಇಪ್ಪತ್ತು ಕೊಟ್ಟರು. ಅದನ್ನೊಮ್ಮೆ ಆರಿಸಿ ಹೊತ್ತಿಸಿ, ಕಂಪ್ಯೂಟರಿಗೂ ಇಪ್ಪತ್ತರ ಬಾಗಿಲು ತೋರಿಸಿದರು. ಹಾಲ್ ಟಿಕೆಟು ಬಂತು. ಆಮೇಲೆ ನಾಲ್ಕು ಗುಡುಗು ಕಳೆದರೂ ಪ್ರಿಂಟರು ಇಪ್ಪತ್ತು ಬಿಟ್ಟು ಕದಲಿಲ್ಲ.

ನಮ್ಮ ರೌಟರಿನ ಪಾಸ್‌ವರ್ಡ್ ಈಗ ಅವರ ಲೆಡ್ಜರಿನ ಹದಿನೇಳನೇ ಪುಟದಲ್ಲಿ ಉಂಟು. ನಮಗೆ ಹೇಳಿಲ್ಲ.