ಚೀಲದಲ್ಲಿ ಹಿಡಿಸುವಷ್ಟು

ನಮ್ಮೂರ ಪುರಸಭೆಯ ಘನತ್ಯಾಜ್ಯ ಶಾಖೆಯ ಅಧಿಕಾರಿ ಮಹಾಶಯರ ಸನ್ನಿಧಾನಕ್ಕೆ,

ತಮ್ಮ ಕಾರ್ಯಾಲಯದ ಬಾಗಿಲಲ್ಲಿ ಬೆಳಗಿನಿಂದ ಊಟದ ವೇಳೆಯವರೆಗೂ, ಆ ಬಳಿಕ ತಾವು ಊಟ ಮುಗಿಸಿ ಬರುವವರೆಗೂ ನಿಂತು, ಕಟ್ಟಕಡೆಗೆ ತಮ್ಮ ದರ್ಶನದಿಂದ ಪುನೀತನಾದ ಈ ತೆರಿಗೆದಾರನು, ಹಿತ್ತಿಲ ಬಚ್ಚಲಿನ ಮಾಡಿನಿಂದ ಇಳಿಸಬೇಕಾಗಿರುವ ಹಳೆಯ ಆಸ್ಬೆಸ್ಟಾಸ್ ಶೀಟುಗಳನ್ನು ಎಲ್ಲಿಗೆ ಒಪ್ಪಿಸಬೇಕೆಂದು ಅರಿಕೆ ಮಾಡಿಕೊಂಡಾಗ, ಕಡತದಿಂದ ತಲೆಯೆತ್ತದೆಯೇ ತಾವು ದಯಪಾಲಿಸಿದ ಅಪ್ಪಣೆ ಇದು: “ಒಡೆದು, ಚೀಲದಲ್ಲಿ ಹಿಡಿಸುವಷ್ಟು ಮಾಡಿ, ಕಸದ ಗಾಡಿಗೆ ಹಾಕಿ.”

ಆಸ್ಬೆಸ್ಟಾಸಿನ ವಿಷಯದಲ್ಲಿ ಮನುಷ್ಯನು ಯಾವುದನ್ನು ಮಾಡಲೇಬಾರದೋ ಅದನ್ನು ಇಷ್ಟು ಸಂಕ್ಷೇಪವಾಗಿ ವಿಧಿಸಿದ ತಮ್ಮ ಪಾಂಡಿತ್ಯಕ್ಕೆ ನಾನು ಬೆರಗಾಗಿದ್ದೇನೆ. ಸಿಮೆಂಟಿನಲ್ಲಿ ಬಂಧಿತವಾಗಿ ಅಖಂಡವಾಗಿರುವ ತನಕ ಬಹುಮಟ್ಟಿಗೆ ಸಾಧುವಾಗಿರುವ ಆ ನಾರು, ಸುತ್ತಿಗೆಯ ಪೆಟ್ಟು ಬಿದ್ದೊಡನೆ ಕಣ್ಣಿಗೆ ಕಾಣದ ಧೂಳಾಗಿ ಹಾರಿ, ಉಸಿರಿನೊಡನೆ ಎದೆಗಿಳಿದು, ಅಲ್ಲಿಯೇ ನೆಲೆಸಿ, 20, 30, ಕೆಲವೊಮ್ಮೆ 40 ವರ್ಷಗಳ ಅನಂತರ ಶ್ವಾಸಕೋಶದ ಕ್ಯಾನ್ಸರೋ ಅದರ ಪೊರೆಯ ಕ್ಯಾನ್ಸರೋ ಆಗಿ ತಲೆಯೆತ್ತಬಹುದೆಂಬುದು ವೈದ್ಯಲೋಕಕ್ಕೆ ವಿದಿತವಾದ ಸಂಗತಿ.

ಶೀಟನ್ನು ಮನೆಯೊಡೆಯನೇ ಇಳಿಸಬೇಕೇ, ಪರಿಣತರನ್ನು ಕರೆಸಬೇಕೇ ಎಂಬ ಜಿಜ್ಞಾಸೆ ಬ್ರಿಟನ್ನಿನಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಉಂಟು. ಮೊದಲನೆಯ ದೇಶ 1999ರಲ್ಲಿ, ಎರಡನೆಯದು 2003ರ ವರ್ಷಾಂತ್ಯದಿಂದ ಈ ವಸ್ತುವನ್ನು ನಿಷೇಧಿಸಿದರೂ ಹಳೆಯ ಮಾಡುಗಳು ಉಳಿದುವಲ್ಲ! ಆಸ್ಟ್ರೇಲಿಯದ ಹೆಚ್ಚಿನ ರಾಜ್ಯಗಳಲ್ಲಿ 10 ಚದರ ಮೀಟರಿನವರೆಗಿನ ಗಟ್ಟಿ ಶೀಟನ್ನು ಗೃಹಸ್ಥನೇ ತೆಗೆಯಬಹುದು. ಮಿಕ್ಕದ್ದು ಪರವಾನಗಿಯುಳ್ಳವರ ಪಾಲು. ತೆಗೆಯುವವನು ಯಾರೇ ಆಗಲಿ, ನೀರು ಚಿಮುಕಿಸಿ, ತುಕ್ಕುಹಿಡಿದ ಬೋಲ್ಟನ್ನು ಕತ್ತರಿಸಿ, ಶೀಟನ್ನು ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಿಗದಿಯಾದ ಜಾಗಕ್ಕೆ ಒಪ್ಪಿಸುತ್ತಾನೆ. ಅವರ ಜಿಜ್ಞಾಸೆಗೆ ಅರ್ಥವಿರುವುದು, ಎರಡು ದಾರಿಗಳ ಕೊನೆಯಲ್ಲಿಯೂ ಸರಕನ್ನು ಬರಮಾಡಿಕೊಳ್ಳುವ ಒಂದು ಬಾಗಿಲು ಇರುವುದರಿಂದ. ನಮ್ಮಲ್ಲಿಯೋ, ಹೊಸ ಶೀಟನ್ನು ಮಾರಲು ಬೀದಿಗೊಂದು ಅಂಗಡಿ. ಹಳೆಯದನ್ನು ಒಪ್ಪಿಸಲು ಊರಿಗೊಂದು ಜಾಗವಿಲ್ಲ.

ಪರಿಣತರನ್ನು ನಾನು ಹುಡುಕದೆ ಇರಲಿಲ್ಲ. ದೊರೆತ ಮೇಸ್ತ್ರಿಯು ಮೂಗಿಗೆ ಟವೆಲು ಸುತ್ತಿ, ಕೈಯಲ್ಲಿ ಸುತ್ತಿಗೆ ಹಿಡಿದು ಬಂದನು. ನಾರಿಗೆ ಟವೆಲು ಅಡ್ಡಿಯಲ್ಲವೆಂದು ಹೇಳಿದೆ. “ಇಪ್ಪತ್ತು ವರ್ಷದಿಂದ ಒಡೀತಾ ಇದೀನಿ ಸಾರ್, ಏನೂ ಆಗಿಲ್ಲ” ಎಂದ. ಪಾಪ, ನಿಜವನ್ನೇ ನುಡಿದ. ಆ ಕಾಯಿಲೆ ಕಾದು ಕುಳಿತಿರುವುದೂ ಸುಮಾರು ಅಷ್ಟೇ ಕಾಲ. ಅವನನ್ನು ಕಳುಹಿಸಿ ತಮ್ಮ ಬಳಿಗೆ ಬಂದರೆ, ತಾವೂ ಅವನ ಸುತ್ತಿಗೆಯ ಪಕ್ಷಪಾತಿಗಳೇ! ವ್ಯತ್ಯಾಸವಿಷ್ಟೆ: ಅವನ ಬಳಿ ಚೀಲದ ಅಳತೆ ಇರಲಿಲ್ಲ.

ನಿಯಮಗಳಿಲ್ಲವೆಂದಲ್ಲ. ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯದ ದಾಖಲೆಗಳನ್ನು 40 ವರ್ಷ ಇಡಬೇಕೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ಆದೇಶಿಸಿತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅನುಸೂಚಿಯಲ್ಲಿ ಆಸ್ಬೆಸ್ಟಾಸಿನ ಹೆಸರೂ ಉಂಟು, ಆದರೆ ಅದನ್ನು ತಯಾರಿಸುವ ಉದ್ಯಮದ ಲೆಕ್ಕದಲ್ಲಿ. ನನ್ನ ಬಚ್ಚಲು ಕಾರ್ಖಾನೆಯಲ್ಲವಷ್ಟೆ.

ಇರಲಿ, ಚೀಲಕ್ಕೆ ಬರುತ್ತೇನೆ. ತಮ್ಮ ಅಪ್ಪಣೆಯಂತೆ ಪುಡಿಮಾಡಿ ತುಂಬಿದ ಆ ಚೀಲವನ್ನು ಎತ್ತುವವರು ಯಾರು, ಸ್ವಾಮಿ? ತಾವಲ್ಲ. ಬೆಳಗ್ಗೆ ಆರಕ್ಕೆ ನಮ್ಮ ಬೀದಿಗೆ ಬರುವ, ತಮ್ಮ ಪುರಸಭೆ ನೆಟ್ಟಗಿರುವ ಒಂದು ಜೊತೆ ಕೈಗವಸನ್ನೂ ಕೊಡದ ಪೌರಕಾರ್ಮಿಕ ಹೆಂಗಸು. ಅವಳು ಅದನ್ನು ಗಾಡಿಗೆ ಸುರಿಯುತ್ತಾಳೆ, ಧೂಳು ಮುಖಕ್ಕೆ ಹೊಡೆಯುತ್ತದೆ, ಸೆರಗಿನಿಂದ ಒರೆಸಿಕೊಂಡು ಅದೇ ಸೆರಗಿನಲ್ಲಿ ಮನೆಗೆ ಹೋಗಿ ಮಗುವನ್ನೆತ್ತಿಕೊಳ್ಳುತ್ತಾಳೆ. ಅವಳ ಎದೆಯ ದಾಖಲೆಯನ್ನು 40 ವರ್ಷ ಇಡುವವರು ಯಾರು? ಅವಳನ್ನು ಖಾಯಂ ಮಾಡುವ ಕಡತವೇ ತಮ್ಮಲ್ಲಿ ಸಿಕ್ಕುವುದಿಲ್ಲ. ಒಡೆಯಿರಿ ಎನ್ನುವ ಮುನ್ನ ಒಂದು ಕ್ಷಣ ತಲೆಯೆತ್ತಬಾರದಿತ್ತೇ? ನಾಚಿಕೆಯಾಗಬೇಕು.

ನಾನು ಒಡೆಯುವುದಿಲ್ಲ. ಎಲ್ಲಿಗೆ, ಯಾವ ದಿನ, ಯಾವ ವಾಹನದಲ್ಲಿ ಎಂಬುದನ್ನು ತಾವು ಲಿಖಿತವಾಗಿ ತಿಳಿಸುವವರೆಗೆ ಶೀಟುಗಳು ಮಾಡಿನ ಮೇಲೆಯೇ ಇರುತ್ತವೆ, ಬಚ್ಚಲು ಸೋರುತ್ತಲೇ ಇರುತ್ತದೆ. ಹೇಗೂ ತೆಗೆಯುವವರಲ್ಲವೇ, ಎರಡನ್ನು ದನದ ಕೊಟ್ಟಿಗೆಗೆ ಕೊಡಿ ಎಂದು ನೆರೆಮನೆಯವರು ಕೇಳಿದರು, ಕೊಡಲಾರೆನೆಂದೆ, ಅಂದಿನಿಂದ ಮಾತುಬಿಟ್ಟಿದ್ದಾರೆ. ಅವರಿಗೆ ಸಮಜಾಯಿಷಿ ಹೇಳುವ ಹೊಣೆಯೂ ತಮ್ಮದೇ.

ಇತಿ,
ತಮ್ಮ ವಾರ್ಡಿನ ಒಬ್ಬ ತೆರಿಗೆದಾರ