ಮುಂದಕ್ಕೆ ಬೇಕಾಗ್ತದೆ

ಮಲೆನಾಡಿನ ಪ್ರತಿ ಕೇರಿಯಲ್ಲೂ ಕರೆಂಟ್ ಹೋಗುವುದನ್ನೇ ಕಾಯುವವರು ಒಬ್ಬರಿರುತ್ತಾರೆ. ರೋಹಿಣಿ ಮಳೆಯ ಮೊದಲ ಹನಿ ಬೀಳುವ ಮುಂಚೆಯೇ ಅವರ ಮುಖಕ್ಕೊಂದು ಕಳೆ ಬರುತ್ತದೆ. ಉಳಿದವರು ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರೆ ಇವರು ಟಾರ್ಚುಗಳ ಹೊಟ್ಟೆ ಬಿಚ್ಚಿ ತುಕ್ಕು ಕೆರೆಯುತ್ತಾ ಕೂತಿರುತ್ತಾರೆ. ಮಾತೆತ್ತಿದರೆ "ಈ ಸಲ ಹೋದ್ರೆ ಒಂದು ವಾರ" ಎನ್ನುತ್ತಾರೆ. ಹೋಯಿತೋ, ಅವರು ಗೆದ್ದರು. ಹೋಗಲಿಲ್ಲವೋ, "ಪುಷ್ಯ ಮಳೆ ಇನ್ನೂ ಬಾಕಿ ಉಂಟಲ್ಲ" ಎಂದು ವಾಯಿದೆ ಪಡೆಯುತ್ತಾರೆ.

ಇಂಥವರು ಊರಿಗೊಬ್ಬರು ಇರುವುದು ಒಳ್ಳೆಯದೇ. ಸಾಗರದ ನಮ್ಮ ಕೇರಿಯ ಆ ಒಬ್ಬರು ನನ್ನ ಅಕ್ಕನ ಗಂಡನಾಗಿರುವುದು, ನಾನು ಅವರ ಮಹಡಿಯಲ್ಲೇ ವಾಸವಾಗಿರುವುದು, ಎರಡು ಮನೆಗೂ ಸೇರಿ ಒಂದೇ ಇನ್ವರ್ಟರ್ ಇರುವುದು ಮಾತ್ರ ನನ್ನ ಹಣೆಬರಹ.

ಭಾವನ ತಯಾರಿಯ ಬಗ್ಗೆ ಹಗುರವಾಗಿ ಮಾತಾಡುವಂತಿಲ್ಲ. ಮೋಡ ಕಟ್ಟಿದ ಕೂಡಲೇ ಮೋಟರ್ ಹಾಕಿ ಟ್ಯಾಂಕು ತುಂಬಿಸುತ್ತಾರೆ. ಅದು ಸಾಲದೆಂದು ಹಂಡೆ, ಕೊಡ, ಕೊನೆಗೆ ನನ್ನ ಬಟ್ಟೆ ನೆನೆಸುವ ಬಕೆಟ್ಟಿಗೂ ನೀರು. ಸೌದೆ ಮೇ ತಿಂಗಳಲ್ಲೇ ಕೊಟ್ಟಿಗೆ ಸೇರಿರುತ್ತದೆ. ಕರೆಂಟ್ ಹೋದ ಮರುಕ್ಷಣ ಫ್ರಿಜ್ಜಿನ ಬಾಗಿಲಿಗೆ ಅಡ್ಡಲಾಗಿ ಒಂದು ಸ್ಟೂಲು. ಬಾಗಿಲು ತೆಗೆಯದಿದ್ದರೆ ಒಳಗಿನ ತಂಪು ನಾಲ್ಕು ಗಂಟೆ ನಿಲ್ಲುತ್ತದಂತೆ. ನಿಜವೇ. ಆದರೆ ಕಾಫಿಯ ಹಾಲು ಒಳಗಿದೆ ಎಂದು ಹೇಳುವ ಧೈರ್ಯ ಯಾರಿಗಿದೆ? ಊರೆಲ್ಲ ಕಿತ್ತೆಸೆದ ಲ್ಯಾಂಡ್‌ಲೈನ್ ಫೋನನ್ನೂ ಇವರು ಬಿಟ್ಟಿಲ್ಲ, ಅದಕ್ಕೆ ಬೇಕಾದ ಕರೆಂಟ್ ಎಕ್ಸ್‌ಚೇಂಜಿನಿಂದ ತಂತಿಯಲ್ಲೇ ಬರುತ್ತದೆಂದು. ಅದರಲ್ಲಿ ಸೆಕ್ಷನ್ ಆಫೀಸಿಗೆ ಫೋನು ಮಾಡಿ ಭಾಷೆ ಬದಲಾಯಿಸುತ್ತಾರೆ: "ಡಿಓ ಹೋಗಿದ್ದಾ, ಜಂಪ್ ಕಟ್ಟಾಗಿದ್ದಾ? ಇಲೆವೆನ್ ಕೆವಿ ಮೇಲೆ ಮರ ಬಿದ್ದಿದ್ದಾ? ಎಲ್‌ಸಿ ತಗೊಂಡಾಯ್ತಾ?" ಆಚೆಯವರು ಒಮ್ಮೆ ಇವರನ್ನು ಇಲಾಖೆಯವರೆಂದೇ ತಿಳಿದು ಸಾರ್ ಎಂದರಂತೆ. ಆ ದಿನ ನಮಗೆಲ್ಲ ಕೇಸರಿಬಾತು.

ಇಷ್ಟೆಲ್ಲ ಸಹಿಸಬಹುದು. ಸಹಿಸಲಾಗದ್ದು ಆ ಇನ್ವರ್ಟರ್.

ಬ್ಯಾಟರಿ ಹನ್ನೆರಡು ವೋಲ್ಟಿನದು, 150 ಆಂಪಿಯರ್-ಅವರ್. ತಿಂಗಳಿಗೊಮ್ಮೆ ಅದಕ್ಕೆ ಡಿಸ್ಟಿಲ್ಡ್ ವಾಟರ್, ಟರ್ಮಿನಲ್ಲಿಗೆ ವ್ಯಾಸಲೀನು. ನನ್ನ ಅಕ್ಕನ ಮಂಡಿನೋವಿಗೆ ಅಷ್ಟು ಸೇವೆ ನಡೆದದ್ದನ್ನು ನಾನು ಕಂಡಿಲ್ಲ. ಕರೆಂಟ್ ಹೋದ ಮೊದಲ ಸಂಜೆ ಮನೆಯವರನ್ನೆಲ್ಲ ಕೂರಿಸಿಕೊಂಡು ಲೆಕ್ಕ ಒಪ್ಪಿಸುತ್ತಾರೆ. "ಒಟ್ಟು 1800 ವ್ಯಾಟ್-ಅವರ್. ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಬ್ಯಾಟರಿ ಆಯಸ್ಸು ಹೋಗ್ತದೆ. ಉಳೀತು 900. ಇನ್ವರ್ಟರ್ ತಿನ್ನೋದು ಕಳೆದ್ರೆ 700. ಒಂಬತ್ತು ವ್ಯಾಟಿನ ಒಂದು ಬಲ್ಬು, ಮೂರು ದಿನ." ಲೆಕ್ಕದಲ್ಲಿ ತಪ್ಪಿಲ್ಲ, ಅದೇ ಸಂಕಟ.

ಹೋದ ಮಳೆಗಾಲದಲ್ಲಿ, ಪುನರ್ವಸು ಹಿಡಿದು ಬಿಡದೆ ಹೊಯ್ಯುತ್ತಿದ್ದಾಗ, ನಾನು ಫೋನ್ ಚಾರ್ಜರ್ ಹಿಡಿದು ಕೆಳಗಿಳಿದೆ.

"ಎಷ್ಟುಂಟು?" ಎಂದರು ಭಾವ.

"ಹನ್ನೊಂದು ಪರ್ಸೆಂಟ್."

"ಸಾಕಲ್ಲ ಮಾರಾಯ. ನಿನ್ನ ಫೋನ್ ಒಂದು ಸಲ ತುಂಬೋಕೆ ಇಪ್ಪತ್ತು ವ್ಯಾಟ್-ಅವರ್. ಅಂದ್ರೆ ನಮ್ಮ ಬಲ್ಬಿನ ಎರಡು ಗಂಟೆ. ಅದೂ ಅಲ್ದೆ, ಟವರಿಗೇ ಕರೆಂಟ್ ಇಲ್ಲ. ಸಿಗ್ನಲ್ ಇಲ್ಲದ ಫೋನಿಗೆ ಚಾರ್ಜ್ ಹಾಕಿ ಎಂತ ಮಾಡ್ತೀ?"

ಉತ್ತರವಿರಲಿಲ್ಲ. ನನ್ನ ಎರಡು ಗಂಟೆ ಉಳಿಸಿ ಕೊಟ್ಟೆನೆಂದು ಸಮಾಧಾನಪಟ್ಟು ನೋಡಿದರೆ, ಆ ಒಂದು ಬಲ್ಬೂ ಉರಿಯುತ್ತಿಲ್ಲ! ಅಕ್ಕ ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಹಲಸಿನ ಬೇಳೆ ಬಿಡಿಸುತ್ತಿದ್ದಾಳೆ. ಏನು ಭಾವ ಇದು ಎಂದರೆ, "ಎಂತದೂ ಹಾಕದಿದ್ರೂ ಇನ್ವರ್ಟರ್ ಸುಮ್ನೆ ಆನ್ ಇದ್ರೆ ತಾನೇ ಕುಡೀತದೆ. ಅದಕ್ಕೆ ಅದನ್ನೇ ಆಫ್ ಮಾಡಿದೆ. ಮುಂದಕ್ಕೆ ಬೇಕಾಗ್ತದೆ."

ಈ ಮುಂದಕ್ಕೆ ಎಂಬುದು ಯಾವಾಗ ಬರುತ್ತದೆ? ಮೂರು ದಿನದ ಕತ್ತಲೆ ಮುಗಿದಾಗಲೂ ನಮ್ಮ ಬ್ಯಾಟರಿ ತುಂಬಿಯೇ ಇರುತ್ತದೆ. ಇಡೀ ಕೇರಿಯಲ್ಲಿ ಅತಿ ಹೆಚ್ಚು ಕರೆಂಟ್ ಇರುವುದು ನಮ್ಮ ಮನೆಯಲ್ಲಿ, ಅತಿ ಹೆಚ್ಚು ಕತ್ತಲೆ ಇರುವುದೂ ನಮ್ಮ ಮನೆಯಲ್ಲೇ. ಏನೂ ತಯಾರಿಯಿಲ್ಲದ ಎದುರುಮನೆಯವರು ಇದ್ದ ಮೋಂಬತ್ತಿಯನ್ನೆಲ್ಲ ಮೊದಲ ರಾತ್ರಿಯೇ ಹಚ್ಚಿ ಇಸ್ಪೀಟಾಡಿ ನಗುತ್ತಿರುತ್ತಾರೆ. ಅವರ ನಗು ಕೇಳಿದಾಗೆಲ್ಲ ಭಾವ "ನಾಳೆ ಗೊತ್ತಾಗ್ತದೆ" ಎನ್ನುತ್ತಾರೆ. ಮಾರನೆಯ ದಿನ ಅವರು ನಮ್ಮಲ್ಲಿಗೇ ಮೋಂಬತ್ತಿ ಕೇಳಲು ಬರುತ್ತಾರೆ, ಭಾವ ಎರಡು ಕೊಟ್ಟು ಕಳಿಸುತ್ತಾರೆ. ನನಗೆ ಮಾತ್ರ ಒಂದು. ಮನೆಯವನಲ್ಲವೇ.

ಒಂದು ಸಂಜೆ ಸಿಟ್ಟಿನಲ್ಲಿ ಕೇಳಿಯೇಬಿಟ್ಟೆ: ಇಲ್ಲೇ ಮೂವತ್ತು ಕಿಲೋಮೀಟರಿನಲ್ಲಿ ಜೋಗ, ಶರಾವತಿ ಕರೆಂಟೆಲ್ಲ ಹುಟ್ಟುವುದು ನಮ್ಮ ಪಕ್ಕದಲ್ಲೇ, ಇಷ್ಟು ಜಿಪುಣತನ ಯಾಕೆ? ಭಾವ ಬ್ಯಾಟರಿಯ ಮುಚ್ಚಳ ತಿರುವುತ್ತಲೇ ಹೇಳಿದರು. ಅವರು ಹುಟ್ಟಿದ ಊರು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟೆ ಆದಾಗ ಅವರು ಅಮ್ಮನ ಸೊಂಟದ ಮೇಲಿದ್ದ ಕೂಸು. ಆ ನೀರು ಇಳಿದು ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವ್ಯಾಟ್ ಆಗುತ್ತದೆ. ಮುಳುಗಡೆಯವರೆಂದು ಕಾಡಂಚಿಗೆ ಹೋದ ಇವರ ಮನೆಗೆ ಲೈಟು ಕಂಬ ಬಂದದ್ದು ಇವರು ಕಾಲೇಜಿಗೆ ಸೇರಿದ ಮೇಲೆ. "ಅಪ್ಪಯ್ಯ ಮೊದಲ ದಿನ ಬಲ್ಬು ಹಾಕಿ, ನೋಡಿ, ಆಫ್ ಮಾಡಿದ. ಖರ್ಚಾದೀತು ಅಂತ" ಎಂದು ನಕ್ಕು, ಮುಚ್ಚಳ ಬಿಗಿಮಾಡಿ, ನನ್ನ ಫೋನು ಈಸಿಕೊಂಡು ಚಾರ್ಜಿಗೆ ಹಾಕಿದರು. ಐವತ್ತು ಪರ್ಸೆಂಟಿಗೆ ಸರಿಯಾಗಿ ಕಿತ್ತು ತಂದುಕೊಟ್ಟರು ಎನ್ನುವುದನ್ನೂ ಹೇಳಬೇಕು.

ಈಗೀಗ ನಾನೂ ಫೋನ್ ಹಿಡಿದಾಗ ಎಷ್ಟು ವ್ಯಾಟ್ ಎಂದು ಮನಸ್ಸಿನಲ್ಲೇ ಗುಣಿಸುತ್ತೇನೆ. ಇದು ಅಂಟುರೋಗವೆಂದು ಮೊದಲೇ ಯಾರಾದರೂ ಹೇಳಬೇಕಿತ್ತು.

ಆ ಸಲ ಕರೆಂಟ್ ಬಂದದ್ದು ರಾತ್ರಿ ಹನ್ನೆರಡರ ಮೇಲೆ. ಕೇರಿಗೆ ಕೇರಿಯೇ ಹೋ ಎಂದಿತು. ನಮ್ಮ ಮನೆಯಲ್ಲಿ ಮಾತ್ರ ಭಾವ ಕೈ ಅಡ್ಡಹಿಡಿದು ನಿಂತಿದ್ದರು. "ಯಾರೂ ಸ್ವಿಚ್ ಮುಟ್ಬೇಡಿ. ವೋಲ್ಟೇಜ್ ಸರಿಯಿಲ್ಲ. ಇದು ನಿಲ್ಲೋ ಕರೆಂಟಲ್ಲ, ಬರೆದಿಟ್ಕೊಳಿ, ಹತ್ತು ನಿಮಿಷ."

ಅಡುಗೆಮನೆಯಲ್ಲಿ ಮಿಕ್ಸಿ ಗರ್ರೆಂದಿತು. ಭಾವ ಓಡಿದರು. ನೆನೆಹಾಕಿ ಎರಡು ಸಲ ನೀರು ಬದಲಿಸಿದ ದೋಸೆ ಅಕ್ಕಿಯನ್ನು ಅಕ್ಕ ಜಾರಿಗೆ ಸುರಿಯುತ್ತಿದ್ದಳು.

"ಏನೇ, ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳ್ತು. ಹತ್ತು ನಿಮಿಷ ಅಂದ್ರಲ್ಲ, ನಂಗೆ ಎಂಟು ಸಾಕು."